ಥಾಮಂಡ್ ಪಾರ್ಕಿನಲ್ಲಿ ಒಂದು ಸಂಜೆ

ಲಿಮರಿಕ್, ಐರ್ಲೆಂಡ್

ತೀರ್ಥರೂಪು ಅಪ್ಪನವರಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ, ಮರೆಯದೆ ತಿಳಿಸಿ.

ಶನಿವಾರ ಸಂಜೆ ಆಫೀಸಿನವರ ಜೊತೆ ಥಾಮಂಡ್ ಪಾರ್ಕ್ ಕ್ರೀಡಾಂಗಣಕ್ಕೆ ಹೋಗಿದ್ದೆ. ಇಲ್ಲಿನ ಮನ್‌ಸ್ಟರ್ ಪ್ರಾಂತ್ಯದ ತಂಡದ ರಗ್ಬಿ ಪಂದ್ಯ, ಎದುರಾಳಿಗಳು ವೇಲ್ಸ್‌ನ ಒಂದು ತಂಡದವರು. ರಗ್ಬಿ ಎಂದರೆ ದೈತ್ಯರ ಗುದ್ದಾಟ ಅಂದುಕೊಂಡೇ ಹೋದೆ. ಗುದ್ದಾಟ ಇದ್ದೇ ಇದೆ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಆ ಜನರ ಶಿಸ್ತು. ಟಿವಿ ಮುಂದೆ ಕೂತು ಅಂಪೈರಿಗೆ ಬೈಯುವ ನಿಮಗೇ ಇದನ್ನು ಬರೆಯಬೇಕು ಅನ್ನಿಸಿತು!

ಒಂದೊಂದು ಕಡೆ 15 ಜನ, 40 ನಿಮಿಷದ ಎರಡು ಅವಧಿ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಡಿದು ಓಡಬೇಕು, ಇಲ್ಲವೇ ಒದೆಯಬೇಕು. ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2. ಪೆನಾಲ್ಟಿಗೆ 3. ಉಳಿದ ನಿಯಮಗಳು ನನ್ನ ಜೊತೆ ಬಂದವರಿಗೇ ಪೂರ್ತಿ ಗೊತ್ತಿದ್ದಂತೆ ಕಾಣಲಿಲ್ಲ.

ನಮ್ಮ ಸೀಟು ಮೈದಾನಕ್ಕೆ ತೀರಾ ಹತ್ತಿರ. ಸ್ಕ್ರಮ್ ಅಂತ ಒಂದಿದೆ. ಎಂಟೆಂಟು ಜನ ಭುಜಕ್ಕೆ ಭುಜ ಬಿಗಿದು ಬಗ್ಗುತ್ತಾರೆ. ರೆಫರಿ ‘ಕ್ರೌಚ್, ಬೈಂಡ್, ಸೆಟ್’ ಅನ್ನುತ್ತಾನೆ. ಸೆಟ್ ಅಂದದ್ದೇ ತಡ, ಎರಡು ಗೂಳಿಗಳು ತಲೆಗೆ ತಲೆ ಕೊಟ್ಟ ಹಾಗೆ ಧಡ್ ಅಂತ ಸದ್ದು. ಚಳಿಗೆ ಅವರ ಬೆನ್ನುಗಳಿಂದ ಹಬೆ ಏಳುತ್ತಿತ್ತು. ಒಬ್ಬನ ಕಿವಿಯ ಮಡಿಕೆಗಳೆಲ್ಲ ಊದಿ ಗಂಟುಗಟ್ಟಿದ್ದವು, ಪದೇ ಪದೇ ಪೆಟ್ಟು ತಿಂದು ಹಾಗಾಗುತ್ತದಂತೆ. (ಇದಿಷ್ಟನ್ನು ಅಮ್ಮನಿಗೆ ಓದಿ ಹೇಳಬೇಡಿ.)

ಅದೇ ಮನುಷ್ಯ ಎದುರಾಳಿಯ ಕುತ್ತಿಗೆಗೆ ಕೈ ಹಾಕಿ ಕೆಡವಿದ. ರೆಫರಿ ಹಳದಿ ಕಾರ್ಡ್ ತೋರಿಸಿದರು, ಅಂದರೆ 10 ನಿಮಿಷ ಹೊರಗೆ. ಅವನು ತುಟಿ ಪಿಟಕ್ಕೆನ್ನಲಿಲ್ಲ, ತಲೆಯಾಡಿಸಿ ಹೊರನಡೆದ. ರೆಫರಿ ಜೊತೆ ಮಾತಾಡುವುದಿದ್ದರೆ ನಾಯಕನೇ ಆಡಬೇಕು, ಅದೂ ‘ಸರ್’ ಅಂತ.

ಆ ತಪ್ಪಿಗೆ ವೇಲ್ಸ್‌ನವರಿಗೆ ಪೆನಾಲ್ಟಿ ಒದೆಯುವ ಅವಕಾಶ ಸಿಕ್ಕಿತು. ಒದೆಯುವವನು ಚೆಂಡನ್ನು ನಿಲ್ಲಿಸಿ ಹಿಂದೆ ಸರಿದದ್ದೇ, ಅಲ್ಲಿಯವರೆಗೆ ಬೊಬ್ಬೆ ಹೊಡೆಯುತ್ತಿದ್ದ ಮೈದಾನವಿಡೀ ಗಪ್‌ಚಿಪ್. ನಮ್ಮವನು ಒದೆಯುವಾಗ ಸರಿ, ಎದುರಾಳಿಗೂ ಹೀಗೇಯಾ? ಹಿಂದಿನಿಂದ ಯಾರೋ ಕೂಗಲು ಹೋದಾಗ ಸುತ್ತ ನಾಲ್ಕು ಕಡೆಯಿಂದ ‘ಶ್’. ಪಕ್ಕದಲ್ಲಿದ್ದ ಅಜ್ಜ ಕಣ್ಣು ಮಿಟುಕಿಸಿ, ‘ಇದು ಮರ್ಯಾದೆಯೂ ಹೌದು, ಅವನಿಗೆ ನಡುಕ ಹುಟ್ಟಿಸುವ ಉಪಾಯವೂ ಹೌದು’ ಅಂದರು. ಚೆಂಡು ಕಂಬದ ಹೊರಗೆ ಹೋಯಿತು. ನನಗೆ ಅಜ್ಜನ ಎರಡನೇ ಮಾತೇ ನಿಜ ಅನ್ನಿಸಿತು.

ಅಜ್ಜನಿಗೆ 1978ರ ಕಥೆ ಹೇಳದೆ ನಿದ್ದೆ ಬರುವುದಿಲ್ಲವೇನೋ. ಆ ವರ್ಷ ಅಕ್ಟೋಬರ್ 31ರಂದು ಇದೇ ಜಾಗದಲ್ಲಿ ಮನ್‌ಸ್ಟರ್ ನ್ಯೂಜಿಲೆಂಡಿನ ರಾಷ್ಟ್ರೀಯ ತಂಡವಾದ ಆಲ್ ಬ್ಲ್ಯಾಕ್ಸ್ ಅನ್ನು 12-0 ಅಂತರದಿಂದ ಸೋಲಿಸಿತ್ತು. ಆಗ ಟ್ರೈಗೆ 4 ಅಂಕ ಮಾತ್ರ. ಐರ್ಲೆಂಡ್ ರಾಷ್ಟ್ರೀಯ ತಂಡಕ್ಕೇ ಅವರನ್ನು ಮೊದಲ ಸಲ ಸೋಲಿಸಲು 2016ರವರೆಗೆ ಕಾಯಬೇಕಾಯಿತು ಎಂದರೆ ಲೆಕ್ಕ ಹಾಕಿ. 2006ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಮನ್‌ಸ್ಟರ್ ಯುರೋಪಿನ ಕಪ್ ಫೈನಲ್ ಆಡುತ್ತಿದ್ದಾಗ ಲಿಮರಿಕ್‌ನ ಓಕಾನಲ್ ಬೀದಿಯಲ್ಲಿ ಸೇರಿದ್ದ ಜನಸಾಗರವನ್ನು ಕಾರ್ಡಿಫ್ ಮೈದಾನದ ದೊಡ್ಡ ಪರದೆಯಲ್ಲಿ ಆಟಗಾರರಿಗೇ ತೋರಿಸಿದರಂತೆ. ಕಪ್ ಗೆದ್ದು ಬಂದರು. ನಾನು ದಿನಾ ನಡೆದುಹೋಗುವ ಬೀದಿ ಅದು.

ಶನಿವಾರವೂ ಮನ್‌ಸ್ಟರ್‌ಗೇ ಗೆಲುವು, ಆದರೆ ಸುಲಭವಾಗಿ ಅಲ್ಲ. 80 ನಿಮಿಷ ಮುಗಿದರೂ ಚೆಂಡು ಆಟದಲ್ಲಿರುವ ತನಕ ಪಂದ್ಯ ನಿಲ್ಲುವುದಿಲ್ಲ. ವೇಲ್ಸ್‌ನವರು ನಮ್ಮ ಗೆರೆಯ ಮುಂದೆ ಒಂದೇ ಸಮ ನುಗ್ಗುತ್ತಲೇ ಇದ್ದರು, ಕೊನೆಗೆ ಅವರ ಕೈಯಿಂದಲೇ ಚೆಂಡು ಜಾರಿತು. ಅಜ್ಜ ನನ್ನ ತೋಳು ಹಿಡಿದು ಕುಣಿದುಬಿಟ್ಟರು.

ಜುಲೈನಲ್ಲಿ ಬರುತ್ತೇವೆ ಅಂದಿದ್ದಿರಲ್ಲ, ಆಗ ಇಲ್ಲಿ ಲೀಗ್ ಪಂದ್ಯಗಳೇ ಇರುವುದಿಲ್ಲ. ಡಿಸೆಂಬರಿಗೆ ಹಾಕಿಕೊಳ್ಳಿ. ಚಳಿ ಜಾಸ್ತಿ, ಅಮ್ಮನಿಗೆ ದಪ್ಪ ಸ್ವೆಟರ್ ನಾನೇ ಇಲ್ಲಿ ಕೊಂಡಿಡುತ್ತೇನೆ. ಡಬ್ಲಿನ್ನಿನ ಲೆನ್‌ಸ್ಟರ್ ತಂಡ ಇಲ್ಲಿಗೆ ಬಂದರೆ ಟಿಕೆಟ್ ಸಿಗುವುದು ಕಷ್ಟವಂತೆ, ಆದ್ದರಿಂದ ತಾರೀಖು ಬೇಗ ತಿಳಿಸಿ.

ಇಂತಿ ನಿಮ್ಮ ಮಗಳು