62 ಪಂದ್ಯ, ಒಂದೇ ಸೋಲು

ಮಾನ್ಯರೇ,

ಕಾಲೇಜು ಹುಡುಗಿಯರ ಆಟಕ್ಕೂ ಕ್ರೀಡಾಪುಟದಲ್ಲಿ ಜಾಗ ಕೊಡಿ ಎಂದು ಕೋರಿ ಈ ಪತ್ರ. ಅಮೆರಿಕದ ಒಕ್ಲಹೋಮ ವಿಶ್ವವಿದ್ಯಾಲಯದ ಮಹಿಳಾ ಸಾಫ್ಟ್‌ಬಾಲ್ (ಬೇಸ್‌ಬಾಲ್‌ನಂಥ ಆಟ) ತಂಡ 2023ರಲ್ಲಿ ಆಡಿದ 62 ಪಂದ್ಯಗಳಲ್ಲಿ 61 ಗೆದ್ದಿತು. ಫೆಬ್ರುವರಿಯಲ್ಲಿ ಬೇಲರ್ ವಿಶ್ವವಿದ್ಯಾಲಯದ ಎದುರು ಸೋತದ್ದೊಂದೇ. ಆಮೇಲೆ ಸತತ 53 ಗೆಲುವು, ಸತತ ಮೂರನೇ ರಾಷ್ಟ್ರೀಯ ಪ್ರಶಸ್ತಿ. ಮರುವರ್ಷ ಟೆಕ್ಸಸ್ ತಂಡವನ್ನು ಮಣಿಸಿ ನಾಲ್ಕನೆಯದನ್ನೂ ಗೆದ್ದಿತು. ಅದಕ್ಕೂ ಮೊದಲು ಯಾವ ತಂಡವೂ ಸತತ ನಾಲ್ಕು ಗೆದ್ದಿರಲಿಲ್ಲ.

ಹೆಸರಿನಲ್ಲಿ ‘ಸಾಫ್ಟ್’ ಇದೆಯೆಂದು ಇದನ್ನು ಸುಲಭದ ಆಟವೆನ್ನುವವರನ್ನು ಕಂಡರೆ ನನಗೆ ಬೇಸರ. ಚೆಂಡು ಎಸೆಯುವ ಪಿಚರ್ ನಿಲ್ಲುವುದು ಕೇವಲ 43 ಅಡಿ ದೂರದಲ್ಲಿ. ತೋಳನ್ನು ಗಿರ್ರನೆ ಸುತ್ತಿಸಿ ಕೆಳಗಿನಿಂದ ಎಸೆದ ಚೆಂಡು ಅರ್ಧ ಸೆಕೆಂಡಿನೊಳಗೆ ಬ್ಯಾಟರ್ ಎದುರಿಗಿರುತ್ತದೆ!

ಕೋಚ್ ಪ್ಯಾಟಿ ಗ್ಯಾಸೊ 1990ರ ದಶಕದಲ್ಲಿ ಬಂದಾಗ ಈ ತಂಡ ಆಡುತ್ತಿದ್ದುದು ಊರಿನ ಸಾರ್ವಜನಿಕ ಉದ್ಯಾನದ ಮೈದಾನದಲ್ಲಿ. ಅಲ್ಲಿಂದ ಇಲ್ಲಿಯವರೆಗಿನ ದಾರಿ ನಮ್ಮ ಹುಡುಗಿಯರಿಗೆ ಗೊತ್ತಾಗಬೇಡವೇ?

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ಮರಳುತ್ತಿದೆ, ಪಂದ್ಯಗಳು ನಡೆಯುವುದು ಒಕ್ಲಹೋಮ ಸಿಟಿಯಲ್ಲೇ. ಅಷ್ಟರೊಳಗೆ ಈ ಆಟದ ಪರಿಚಯ ಲೇಖನವೊಂದನ್ನಾದರೂ ದಯವಿಟ್ಟು ಪ್ರಕಟಿಸಿ.

– ಓದುಗಿ, ಮೈಸೂರು