ಬಿಟ್ಟ ಸಾಲುಗಳಿಗೂ ಹಸಿರು ಗುರುತು: ನಿಮ್ಮ ಕ್ಲೌಡ್ ಸೇವೆಯ ವಿರುದ್ಧ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು ಕಚೇರಿ

ವಿಷಯ: ಹಾಲು ಒಕ್ಕೂಟದ ಡೇಟಾಬೇಸ್‌ನಿಂದ ಕ್ಲೌಡ್‌ಗೆ ನಡೆಯುವ ಕಾಪಿಯಲ್ಲಿ ರೈತರ ಲೆಕ್ಕದ ಸಾಲುಗಳು ಬಿಟ್ಟುಹೋಗುತ್ತಿರುವುದು, ಮತ್ತು ಅದನ್ನು ಕೇಳಿದ್ದಕ್ಕೆ ನಿಮ್ಮ ಪ್ರತಿನಿಧಿ ನಡೆದುಕೊಂಡ ರೀತಿ

ಮಾನ್ಯರೇ,

ಫೋನಿನಲ್ಲಿ ಹೇಳಿದೆವು, ಇಮೇಲಿನಲ್ಲಿ ಬರೆದೆವು, ನಿಮ್ಮ ಪೋರ್ಟಲ್‌ನಲ್ಲಿ ಟಿಕೆಟ್ ಹಾಕಿದೆವು. ನಿನ್ನೆ ಸಂಜೆ ಆ ಟಿಕೆಟನ್ನು ನಿಮ್ಮವರು ಮತ್ತೊಮ್ಮೆ ‘ಪರಿಹರಿಸಲಾಗಿದೆ’ ಎಂದು ಮುಚ್ಚಿದ್ದಾರೆ. ಏನೂ ಪರಿಹಾರವಾಗಿಲ್ಲ. ಹಣಕಾಸಿಗೆ ಸಂಬಂಧಿಸಿದ, ಮೊದಲ ದರ್ಜೆಯ ದೂರನ್ನು ಗ್ರಾಹಕರ ಒಪ್ಪಿಗೆಯಿಲ್ಲದೆ ಮುಚ್ಚುವಂತಿಲ್ಲ ಎಂಬ ನಿಯಮ ನಿಮ್ಮದೇ ಒಪ್ಪಂದದಲ್ಲಿದೆ. ಅದನ್ನು ನಿಮಗೆ ನಾನು ಓದಿ ಹೇಳಬೇಕಾಗಿಲ್ಲ.

ನಾನು ಈ ಜಿಲ್ಲೆಯ ಹಾಲು ಒಕ್ಕೂಟದ ಗಣಕ ವಿಭಾಗದ ಹೊಣೆ ಹೊತ್ತವಳು. ಹಳ್ಳಿಯ ಡೇರಿಗಳಲ್ಲಿ ಬೆಳಿಗ್ಗೆ ಸಂಜೆ ಅಳೆಯುವ ಹಾಲಿನ ಲೆಕ್ಕ, ಅಂದರೆ ಲೀಟರ್, ಜಿಡ್ಡು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ), ದರ, ಎಲ್ಲವೂ ನಮ್ಮ ಕಚೇರಿಯ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ಗೆ ಬರುತ್ತದೆ. ಅಲ್ಲಿಂದ ನಿಮ್ಮ ಸೇವೆಯ ಮೂಲಕ ಕ್ಲೌಡ್‌ಗೆ ಕಾಪಿಯಾಗುತ್ತದೆ. ರೈತರು ಮೊಬೈಲ್‌ನಲ್ಲಿ ನೋಡುವ ಪಾಸ್‌ಬುಕ್, ಬಟವಾಡೆಯ ಪಟ್ಟಿ, ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನದ ಪಟ್ಟಿ, ಇವೆಲ್ಲ ಸಿದ್ಧವಾಗುವುದು ಆ ಕಾಪಿಯಿಂದ. ಒಂದು ಸಾಲು ಅಲ್ಲಿಗೆ ತಲುಪಲಿಲ್ಲವೆಂದರೆ, ಕರೆದ ಹಾಲಿಗೆ ದುಡ್ಡು ಬರಲಿಲ್ಲವೆಂದೇ ಅರ್ಥ.

ಆಗಿರುವುದು ಇದು. ಕಾಪಿ ದಿನವೂ ಓಡುತ್ತದೆ, ದಿನವೂ ಹಸಿರು ಗುರುತು ತೋರಿಸುತ್ತದೆ. ಆದರೆ ನಿಮ್ಮದೇ ಲಾಗ್‌ನ, ಅಂದರೆ ಕೆಲಸದ ದಾಖಲೆಯ, ಒಳಗೆ ಇಳಿದು ನೋಡಿದರೆ ಓದಿದ ಸಾಲುಗಳ ಸಂಖ್ಯೆ ಒಂದು, ಬರೆದ ಸಾಲುಗಳ ಸಂಖ್ಯೆ ಇನ್ನೊಂದು. ನಡುವಿನ ಸಾಲುಗಳನ್ನು ‘ಹೊಂದಾಣಿಕೆಯಾಗದವು’ ಎಂದು ಬಿಟ್ಟು ಮುಂದೆ ಹೋಗಲಾಗಿದೆ. ಹಾಗೆ ಬಿಟ್ಟು ಹೋಗುವ ಆಯ್ಕೆಯನ್ನು ಅಳವಡಿಕೆಯ ದಿನ ಆನ್ ಮಾಡಿದವರು ನಿಮ್ಮ ಎಂಜಿನಿಯರ್. ಅಳವಡಿಕೆಯ ವರದಿಯಲ್ಲಿ ಅವರ ಸಹಿಯಿದೆ. ಟ್ಯಾಂಕರ್ ಶೀತಲ ಕೇಂದ್ರದಿಂದ ಹೊರಡುವಾಗ ಒಂದು ಅಳತೆ, ಡೇರಿ ಘಟಕದಲ್ಲಿ ಇಳಿಸುವಾಗ ಇನ್ನೊಂದು ಅಳತೆ ಬಂದರೆ ನಮ್ಮ ಚಾಲಕ ರಸೀದಿಗೆ ಸಹಿ ಹಾಕಿಸಿಕೊಂಡು ಮನೆಗೆ ಹೋಗಲಾರ. ನಿಮ್ಮ ಸೇವೆ ಹೋಗುತ್ತದೆ, ಅದೂ ‘ಯಶಸ್ವಿ’ ಎಂದು ಬರೆದು.

ಬಿಟ್ಟುಹೋದವು ಯಾವ ಸಾಲುಗಳು ಎಂದು ನಿಮ್ಮವರು ಹುಡುಕಲಿಲ್ಲ, ನಾವೇ ಹುಡುಕಿದೆವು. ನಮ್ಮಲ್ಲಿ ಹೆಸರಿನ ಕಾಲಂ 40 ಅಕ್ಷರ ಸಂಕೇತಗಳದ್ದು. ನಿಮ್ಮ ಸೇವೆ ತಾನೇ ಟೇಬಲ್ ರಚಿಸುವಾಗ ಆ 40 ಎಂಬ ಸಂಖ್ಯೆಯನ್ನು ಹಾಗೆಯೇ ಎತ್ತಿಕೊಂಡು 40 ಬೈಟ್ (ಗಣಕದಲ್ಲಿ ಜಾಗ ಅಳೆಯುವ ಘಟಕ) ಎಂದು ಮಾಡಿದೆ. ರೋಮನ್ ಲಿಪಿಗೆ ಎರಡೂ ಒಂದೇ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮವಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ವ್ಯಂಜನಕ್ಕೆ ಬೇರೆ, ಗುಣಿತದ ಚಿಹ್ನೆಗೆ ಬೇರೆ, ಒತ್ತಕ್ಷರಕ್ಕೆ ಮುಂಚೆ ಬರುವ ವಿರಾಮಕ್ಕೂ ಬೇರೆ. ಹಾಗಾಗಿ 40 ಬೈಟ್‌ಗಳಲ್ಲಿ ಹಿಡಿಯುವುದು 13 ಸಂಕೇತ ಮಾತ್ರ. ‘ಲಕ್ಷ್ಮೀದೇವಮ್ಮ’ ಸರಿಯಾಗಿ 13 ಸಂಕೇತ, 39 ಬೈಟ್. ಆ ಹೆಸರಿನವರಿಗೆ ಬಟವಾಡೆ ಬಂದಿದೆ. ‘ಕೆ. ಲಕ್ಷ್ಮೀದೇವಮ್ಮ’ 47 ಬೈಟ್. ಅವರಿಗೆ ಬಂದಿಲ್ಲ. ‘ಮಲ್ಲಿಕಾರ್ಜುನಸ್ವಾಮಿ’ 54 ಬೈಟ್. ಆ ಹೆಸರಿನ ಒಬ್ಬ ರೈತರೂ ಪಟ್ಟಿಯಲ್ಲಿಲ್ಲ. ಒಂದೇ ಊರಿನಲ್ಲಿ, ಒಂದೇ ಡೇರಿಯಲ್ಲಿ, ಅಕ್ಕಪಕ್ಕದ ಮನೆಯವರಲ್ಲಿ ಒಬ್ಬರಿಗೆ ದುಡ್ಡು ಬಂದು ಇನ್ನೊಬ್ಬರಿಗೆ ಬರದಿದ್ದರೆ ಜನ ಏನು ತಿಳಿಯುತ್ತಾರೆ? ಕಾರ್ಯದರ್ಶಿ ತಿಂದ ಎನ್ನುತ್ತಾರೆ. ಹಾಗೆಯೇ ಅಂದರು. ಒಂದು ಊರಿನಲ್ಲಿ ಕಾರ್ಯದರ್ಶಿಯನ್ನು ಡೇರಿಯೊಳಗೆ ಕೂಡಿಹಾಕಿದ್ದರು. ಆ ಮನುಷ್ಯ ಒಂದು ಪೈಸೆ ಮುಟ್ಟಿದವನಲ್ಲ.

ಎಲ್ಲ ಲಿಪಿಗಳಿಗೂ ಸಂಕೇತ ಗೊತ್ತುಮಾಡುವ ಯುನಿಕೋಡ್‌ನಲ್ಲಿ ಕನ್ನಡ ಇರುವುದು 1991ರ ಅದರ ಮೊದಲ ಆವೃತ್ತಿಯಿಂದ. ಬೆಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡು, ಕರ್ನಾಟಕದ ಸಹಕಾರ ಸಂಸ್ಥೆಗಳಿಗೆ ಸೇವೆ ಮಾರುವ ಕಂಪನಿ ತನ್ನ ಸಾಧನವನ್ನು ಒಂದು ಉದ್ದದ ಕನ್ನಡ ಹೆಸರು ಹಾಕಿ ಪರೀಕ್ಷಿಸಿಯೇ ಇಲ್ಲ ಎನ್ನುವುದನ್ನು ನಾನು ಹೇಗೆ ಒಪ್ಪಲಿ?

ಈಗ ಆ ಕರೆಯ ವಿಷಯ. ನಿಮ್ಮವರೇ ಗೊತ್ತುಮಾಡಿದ ವೀಡಿಯೊ ಸಭೆ ಅದು. ಬಟವಾಡೆಯ ಗಲಾಟೆ ಜೋರಾಗಿದ್ದರಿಂದ ನಮ್ಮ ಅಧ್ಯಕ್ಷರು, ವ್ಯವಸ್ಥಾಪಕ ನಿರ್ದೇಶಕರು ಮತ್ತು ಇಬ್ಬರು ನಿರ್ದೇಶಕರು ನನ್ನ ಪಕ್ಕದಲ್ಲೇ ಕುಳಿತಿದ್ದರು. ನಿಮ್ಮ ಪ್ರತಿನಿಧಿ ತಡವಾಗಿ ಬಂದರು. ಬಂದವರು ನಮಸ್ಕಾರಕ್ಕೂ ಮುಂಚೆ “ಸ್ಕ್ರೀನ್ ತೋರಿಸಿ ಮೇಡಂ” ಎಂದರು. ತೋರಿಸಿದೆ. “ಹಸಿರು ಇದೆಯಲ್ಲ, ಮತ್ತೇನು ಸಮಸ್ಯೆ?” ಎಂದರು. ಓದಿದ್ದಕ್ಕೂ ಬರೆದದ್ದಕ್ಕೂ ತಾಳೆಯಾಗುತ್ತಿಲ್ಲ ಎಂದೆ. “ಬ್ರೌಸರ್ ಬದಲಿಸಿ ನೋಡಿ” ಎಂದರು. ಸರ್ವರ್‌ನಿಂದ ಸರ್ವರ್‌ಗೆ ಹೋಗುವ ಸಾಲುಗಳಿಗೂ ನನ್ನ ಬ್ರೌಸರ್‌ಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹಿರಿಯರ ಮುಂದೆ ವಾದ ಬೇಡವೆಂದು ಬದಲಿಸಿದೆ. ಅದೇ ಸಂಖ್ಯೆ ಬಂತು. “ಮೂಲ ಡೇಟಾಬೇಸ್‌ನಲ್ಲಿ ಆ ಸಾಲುಗಳು ಇದ್ದವು ಎನ್ನುವುದಕ್ಕೆ ಏನು ಗ್ಯಾರಂಟಿ?” ಎಂದು ಕೇಳಿದರು. ಎಲ್ಲರ ಮುಂದೆ ಕ್ವೆರಿ ಓಡಿಸಿ ಎಣಿಕೆ ತೋರಿಸಿದೆ. “ಇನ್ನೊಮ್ಮೆ ಓಡಿಸಿ” ಎಂದರು. ಓಡಿಸಿದೆ. “ಸಂಖ್ಯೆಯನ್ನು ಗಟ್ಟಿಯಾಗಿ ಓದಿ” ಎಂದರು. ಶಾಲೆಯ ಹುಡುಗಿಯ ಹಾಗೆ ನಿಂತು ಅಂಕಿ ಅಂಕಿಯಾಗಿ ಓದಿದೆ.

ಆಮೇಲೆ ಬಿಟ್ಟುಹೋದ ಸಾಲುಗಳ ಫೈಲ್ ತೆರೆಸಿದರು. ಮೇಲಿನಿಂದ ಕೆಳಗೆ ನೋಡಿ, “ಇದರಲ್ಲಿ ಬರೀ ಸ್ಪೆಷಲ್ ಕ್ಯಾರೆಕ್ಟರ್ ಇವೆ ಮೇಡಂ, ಅವನ್ನೆಲ್ಲ ತೆಗೆದುಹಾಕಿ” ಎಂದರು. ಅವು ರೈತರ ಹೆಸರುಗಳು ಎಂದೆ. “ಹಾಗಾದರೆ ಇಂಗ್ಲಿಷಿನಲ್ಲಿ ಬರೆಸಿ” ಎಂದರು. ಸಂಘದ ಸದಸ್ಯತ್ವದ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಪಡಿತರ ಚೀಟಿ ಎಲ್ಲದರಲ್ಲೂ ಹೆಸರು ಕನ್ನಡದಲ್ಲಿದೆ, ಪಟ್ಟಿ ಅದಕ್ಕೆ ಹೊಂದಬೇಕು ಎಂದು ವಿವರಿಸಿದೆ. “ಇಷ್ಟುದ್ದದ ಹೆಸರು ಯಾಕೆ ಬೇಕು? ಮೊದಲ ನಾಲ್ಕಕ್ಷರ ಸಾಕಲ್ಲ” ಎಂದರು. ನನ್ನ ಪಕ್ಕದಲ್ಲಿ ಕುಳಿತಿದ್ದ ನಿರ್ದೇಶಕರು ಎಪ್ಪತ್ತು ದಾಟಿದ ರೈತರು. ಬಿಟ್ಟುಹೋದ ಫೈಲಿನಲ್ಲಿ ಅವರ ಹೆಸರೂ ಇತ್ತು. ಪರದೆಯ ಮೇಲೆ ಅವರು ಅದನ್ನು ಓದಿಕೊಂಡರು. ನಿಮ್ಮ ಪ್ರತಿನಿಧಿ ಅಲ್ಲಿಗೂ ನಿಲ್ಲಿಸಲಿಲ್ಲ. ಕಾಲಂನ ಉದ್ದ ಬೈಟ್‌ನಲ್ಲಿ ಅಳೆಯಲ್ಪಡುತ್ತಿದೆ, ಅದನ್ನು ಮೂರು ಪಟ್ಟು ಮಾಡಿ ಎಂದು ನಾನು ಹೇಳುತ್ತಿರುವಾಗಲೇ ಅಡ್ಡ ಬಾಯಿ ಹಾಕಿ, “ಮೇಡಂ, ನಿಮಗೆ ಡೇಟಾಬೇಸ್‌ನ ಮೂಲಪಾಠ ಬೇಕಿದ್ದರೆ ನಮ್ಮಲ್ಲಿ ತರಬೇತಿ ಕೋರ್ಸ್ ಇದೆ, ರಿಯಾಯಿತಿ ಕೊಡಿಸುತ್ತೇನೆ” ಎಂದರು. ನನ್ನ ಅಧ್ಯಕ್ಷರ ಮುಂದೆ. ನಾನು ಹೇಳಿದ ಪರಿಹಾರವೇ ಸರಿಯಾದ ಪರಿಹಾರ ಎಂದು ನಿಮ್ಮ ಕೈಪಿಡಿಯಲ್ಲೇ ಬರೆದಿದೆ. ಕರೆ ಇನ್ನೂ ನಡೆಯುತ್ತಿರುವಾಗಲೇ ನನ್ನ ಫೋನಿಗೆ ಸಂದೇಶ ಬಂತು: ಟಿಕೆಟ್ ಪರಿಹರಿಸಲಾಗಿದೆ, ಸೇವೆಗೆ ಅಂಕ ಕೊಡಿ.

ಆ ಸಭೆಯ ಧ್ವನಿಮುದ್ರಣ ನಮ್ಮಲ್ಲೂ ಇದೆ, ನಿಮ್ಮಲ್ಲೂ ಇದೆ. ಕೇಳಿಸಿಕೊಳ್ಳಿ.

ಹೆಸರಿನ ಸಮಸ್ಯೆ ಒಂದೇ ಆಗಿದ್ದರೆ ಕಾಲಂ ಹಿಗ್ಗಿಸಿ ಸುಮ್ಮನಾಗುತ್ತಿದ್ದೆವು. ಹೊಸದಾಗಿ ಬಂದ ಸಾಲುಗಳನ್ನಷ್ಟೇ ತರುವ ನಿಮ್ಮ ವಿಧಾನದಲ್ಲೇ ತೂತಿದೆ. ಸಾಲು ಬದಲಾದ ಸಮಯವನ್ನು ನೋಡಿ, ಕಳೆದ ಬಾರಿ ಕಂಡ ಅತಿ ಹೊಸ ಸಮಯದಿಂದಾಚೆಗಿನದನ್ನು ಮಾತ್ರ ಅದು ಕೇಳುತ್ತದೆ. ಹಳ್ಳಿಯಲ್ಲಿ ನೆಟ್‌ವರ್ಕ್ ನಿಧಾನ. ಕಾರ್ಯದರ್ಶಿ ಬೆಳಗಿನ ಹಾಲಿನ ಲೆಕ್ಕವನ್ನೆಲ್ಲ ಒಂದೇ ವಹಿವಾಟಾಗಿ ಕಳುಹಿಸುತ್ತಾರೆ. ಸಾಲುಗಳ ಮೇಲೆ 8 ಗಂಟೆಯ ಸಮಯ ಬಿದ್ದಿದೆ, ಆದರೆ ವಹಿವಾಟು ಮುಗಿದು ಕಮಿಟ್ ಆದದ್ದು, ಅಂದರೆ ಖಾಯಂ ದಾಖಲಾದದ್ದು, 8 ಗಂಟೆ 2 ನಿಮಿಷಕ್ಕೆ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಬರೆಯುವವರಿಗಾಗಿ ಓದುವವರು ಕಾಯದಂತೆ ಸ್ನ್ಯಾಪ್‌ಶಾಟ್ ವ್ಯವಸ್ಥೆ ಇದೆ. ನಿಮ್ಮ ಕಾಪಿ 8 ಗಂಟೆ 1 ನಿಮಿಷಕ್ಕೆ ಬಂದು, ಇನ್ನೂ ಕಮಿಟ್ ಆಗದ ಈ ಸಾಲುಗಳನ್ನು ಕಾಣದೆ, ಬೇರೊಂದು ಡೇರಿಯ 8 ಗಂಟೆ 40 ಸೆಕೆಂಡಿನ ಸಾಲನ್ನು ಕಂಡು, ಅದನ್ನೇ ಗಡಿ ಎಂದು ಬರೆದುಕೊಳ್ಳುತ್ತದೆ. ಮುಂದಿನ ಸಲ ಆ ಗಡಿಯಿಂದಾಚೆಗೆ ಮಾತ್ರ ಹುಡುಕುತ್ತದೆ. 8 ಗಂಟೆಯ ಡೇರಿಯ ಇಡೀ ಬೆಳಗಿನ ಹಾಲು ಎಂದೆಂದಿಗೂ ಕ್ಲೌಡ್ ಸೇರುವುದಿಲ್ಲ. ಇದಕ್ಕೆ ಯಾವ ಲಾಗ್‌ನಲ್ಲೂ ತಪ್ಪೆಂಬ ಗುರುತಿಲ್ಲ, ಏಕೆಂದರೆ ಆ ಸಾಲುಗಳನ್ನು ಯಾರೂ ಓದಿಯೇ ಇಲ್ಲ. ಎರಡು ಸಲ ದಾಖಲಾದ ಹಾಲನ್ನು ಮೂಲದಲ್ಲಿ ಅಳಿಸಿದರೆ ಅದು ಕ್ಲೌಡ್‌ನಲ್ಲಿ ಹಾಗೆಯೇ ಉಳಿಯುತ್ತದೆ, ಏಕೆಂದರೆ ಅಳಿದ ಸಾಲಿಗೆ ಸಮಯವಿರುವುದಿಲ್ಲ. ವಹಿವಾಟಿನ ಲಾಗ್‌ನಿಂದಲೇ ಬದಲಾವಣೆಗಳನ್ನು ಹಿಡಿಯುವ ಸೌಲಭ್ಯ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2008ರ ಆವೃತ್ತಿಯಿಂದ ಇದೆ. ಅದನ್ನು ಬಳಸಿ ಎಂದು ಅಳವಡಿಕೆಯ ಮೊದಲ ಸಭೆಯಲ್ಲೇ ಕೇಳಿದ್ದೆ. ‘ನಿಮ್ಮ ಪ್ರಮಾಣಕ್ಕೆ ಅಗತ್ಯವಿಲ್ಲ’ ಎಂಬ ಲಿಖಿತ ಉತ್ತರ ನನ್ನ ಬಳಿ ಇದೆ.

ಸಮಯದ ಗೊಂದಲ ಇನ್ನೊಂದು. ನಮ್ಮ ದಿನಾಂಕದ ಕಾಲಂನಲ್ಲಿರುವುದು ಭಾರತೀಯ ಕಾಲಮಾನ. ನಿಮ್ಮ ಸೇವೆ ಅದನ್ನು ಯುಟಿಸಿ (ಜಾಗತಿಕ ಕಾಲಮಾನ) ಎಂದು ಓದಿ, ತೋರಿಸುವಾಗ ಮತ್ತೆ ಐದೂವರೆ ಗಂಟೆ ಕೂಡಿಸುತ್ತದೆ. ಸಂಜೆ 7ಕ್ಕೆ ಹಾಕಿದ ಹಾಲು ಮೊಬೈಲ್‌ನಲ್ಲಿ ಮರುದಿನದ ರಾತ್ರಿ 12.30ರ ಹಾಲಾಗಿ ಕಾಣುತ್ತದೆ. ಬಟವಾಡೆಯ ಅವಧಿ ಮುಗಿಯುವ ಕೊನೆಯ ಸಂಜೆಯ ಹಾಲು ಮುಂದಿನ ಅವಧಿಗೆ ಜಾರುತ್ತದೆ. ಜಿಡ್ಡಿನ ದಶಮಾಂಶವನ್ನು ದಶಮಾಂಶವಾಗಿಯೇ ಇಡದೆ, ಅಂದಾಜು ಬೆಲೆಯನ್ನಷ್ಟೇ ಹಿಡಿಯುವ ಫ್ಲೋಟ್ ಮಾಡಿದ್ದರಿಂದ ಮೊತ್ತದಲ್ಲಿ ಪೈಸೆಗಳು ಹೊಂದುತ್ತಿಲ್ಲ. ಪೈಸೆಯಲ್ಲವೇ ಎಂದು ನಿಮ್ಮವರು ಹೇಳಬಹುದು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ಲೆಕ್ಕ ಪರಿಶೋಧನೆಗೆ ಬರುವವರು ಹಾಗೆ ಹೇಳುವುದಿಲ್ಲ.

ಬಿಲ್ ಮಾತ್ರ ತಪ್ಪದೆ ಬಂದಿದೆ. ಕಾಪಿ ಓಡಿದ ಹೊತ್ತಿಗೆ ಶುಲ್ಕ, ಬಿಟ್ಟ ಸಾಲುಗಳನ್ನು ಓದಿದ್ದಕ್ಕೂ ಶುಲ್ಕ, ಕಾಣೆಯಾದವನ್ನು ಹುಡುಕಲು ನಾವು ಇಡೀ ಟೇಬಲನ್ನು ಮತ್ತೆ ಕಾಪಿ ಮಾಡಿದ್ದಕ್ಕೆ ಮೇಲೊಂದು ಶುಲ್ಕ. ಆ ಮರುಕಾಪಿಯ ಮೊತ್ತ ಮಾಮೂಲಿ ಬಿಲ್‌ಗಿಂತ ದೊಡ್ಡದು. ಇದು ರೈತರು ಲೀಟರ್ ಲೀಟರಾಗಿ ಸುರಿದ ಹಾಲಿನಿಂದ ಬಂದ ಹಣ. ನಿಮ್ಮ ದೋಷವನ್ನು ಹುಡುಕುವ ಖರ್ಚನ್ನು ಅವರಿಂದ ವಸೂಲಿ ಮಾಡಲು ನಾವು ಬಿಡುವುದಿಲ್ಲ.

ವ್ಯಕ್ತಿಯ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಬಳಸುವ ಮಾಹಿತಿ ಪೂರ್ಣವಾಗಿಯೂ ನಿಖರವಾಗಿಯೂ ಇರುವಂತೆ ನೋಡಿಕೊಳ್ಳಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆ ಹೊಣೆಯನ್ನು ಕಾಯ್ದೆ ಹೊರಿಸುವುದು ಒಕ್ಕೂಟದ ತಲೆಯ ಮೇಲೆ, ನಿಮ್ಮ ಮೇಲಲ್ಲ. ಇದನ್ನು ಬಲ್ಲ ಕಾರಣಕ್ಕೇ ನಿಮ್ಮವರು ಇಷ್ಟು ನಿರಾಳವಾಗಿದ್ದಾರೆ ಎಂಬ ಅನುಮಾನ ನಮ್ಮ ಆಡಳಿತ ಮಂಡಳಿಗೆ ಬಂದಿದೆ. ನನಗೂ ಬಂದಿದೆ.

ಮುಂದಿನ ಬಟವಾಡೆಯೊಳಗೆ ಬಿಟ್ಟುಹೋದ ಪ್ರತಿಯೊಂದು ಸಾಲನ್ನೂ ನಿಮ್ಮ ಖರ್ಚಿನಲ್ಲಿ ತುಂಬಿಸಿ. ಓದಿದ್ದಕ್ಕೂ ಬರೆದದ್ದಕ್ಕೂ ಒಂದು ಸಾಲಿನ ವ್ಯತ್ಯಾಸವಿದ್ದರೂ ಕಾಪಿ ಕೆಂಪಾಗಿ ನಿಲ್ಲುವಂತೆ ಮಾಡಿ. ನಮ್ಮ ನಿರ್ದೇಶಕರಿಗೆ, ಅವರ ಪೂರ್ತಿ ಹೆಸರು ಬರೆದು, ಕನ್ನಡದಲ್ಲಿ ಕ್ಷಮಾಪಣೆಯ ಪತ್ರ ಕಳುಹಿಸಿ.

ನೀವು ಇದನ್ನು ಮಾಡುವಿರಿ ಎಂಬ ಭರವಸೆ ನನಗಿಲ್ಲ. ಆದ್ದರಿಂದ ನಾವು ಈಗಾಗಲೇ ಮಾಡಿರುವುದನ್ನೂ ತಿಳಿಸುತ್ತೇನೆ. ನಿಮ್ಮ ಬಿಲ್ ನಮ್ಮ ಖಾತೆಯಿಂದ ತಾನಾಗಿ ಕಡಿತವಾಗದಂತೆ ಬ್ಯಾಂಕಿಗೆ ಇಂದು ಬೆಳಿಗ್ಗೆ ಪತ್ರ ಕೊಟ್ಟಿದ್ದೇವೆ. ಲಾಗ್‌ಗಳು, ಬಿಟ್ಟುಹೋದ ಸಾಲುಗಳ ಫೈಲ್‌ಗಳು, ಅಳವಡಿಕೆಯ ವರದಿ, ಆ ಸಭೆಯ ಧ್ವನಿಮುದ್ರಣ, ಎಲ್ಲವೂ ನಮ್ಮ ವಕೀಲರ ಕೈಯಲ್ಲಿವೆ. ನಿಮ್ಮ ಮಾರಾಟದ ವಿಭಾಗದವರು ಅಕ್ಕಪಕ್ಕದ ಜಿಲ್ಲೆಗಳ ಒಕ್ಕೂಟಗಳಿಗೆ ಹೋಗಿ ನಮ್ಮನ್ನು ತೃಪ್ತ ಗ್ರಾಹಕರೆಂದು ತೋರಿಸುತ್ತಿದ್ದಾರೆಂದು ಗೊತ್ತಾಗಿದೆ. ಆ ಒಕ್ಕೂಟಗಳ ಗಣಕ ವಿಭಾಗದವರೆಲ್ಲ ನನಗೆ ಪರಿಚಯದವರು. ಈ ಪತ್ರದ ಪ್ರತಿ ಅವರಿಗೆ ಇಂದೇ ಹೋಗುತ್ತಿದೆ, ಜೊತೆಗೆ 47 ಬೈಟ್‌ನ ಒಂದು ಹೆಸರೂ ಹೋಗುತ್ತಿದೆ. ನಿಮ್ಮ ಪ್ರತಿನಿಧಿ ಮುಂದಿನ ಸಲ ಅಲ್ಲಿಗೆ ಪ್ರದರ್ಶನ ಕೊಡಲು ಬಂದಾಗ, ಮೊದಲು ಆ ಹೆಸರನ್ನು ಕಾಪಿ ಮಾಡಿ ತೋರಿಸಿ ಎಂದು ಅವರು ಕೇಳುತ್ತಾರೆ.

ಇತಿ,
ಮುಖ್ಯಸ್ಥೆ, ಗಣಕ ವಿಭಾಗ
ಜಿಲ್ಲಾ ಹಾಲು ಒಕ್ಕೂಟ