ನೆಮೊ ನಮ್ಮವನು ಕಣೋ

ಪ್ರೀತಿಯ ಗೆಳೆಯಾ,

ಸಮುದ್ರದಲ್ಲಿ ನೆಲದಿಂದ ಅತಿ ದೂರ ಇರೋ ಜಾಗ ಯಾವುದು ಅಂತ ಕಳೆದ ಪತ್ರದಲ್ಲಿ ಕೇಳಿದ್ದೆಯಲ್ಲ, ಅದರ ಹೆಸರು ಪಾಯಿಂಟ್ ನೆಮೊ. ದಕ್ಷಿಣ ಪೆಸಿಫಿಕ್‌ನಲ್ಲಿದೆ. 1992ರಲ್ಲಿ ಹ್ರ್‌ವೊಯೆ ಲುಕಾಟೆಲಾ ಎಂಬ ಸರ್ವೆ ಎಂಜಿನಿಯರ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅದನ್ನು ಗುರುತಿಸಿದರು. ಯಾವ ದಿಕ್ಕಿಗೆ ಹೊರಟರೂ ಮೊದಲ ನೆಲ ಸಿಗೋಕೆ ಕನಿಷ್ಠ 2,688 ಕಿ.ಮೀ. ಹೋಗಬೇಕು. ಬೆಂಗಳೂರಿನಿಂದ ಶ್ರೀನಗರಕ್ಕೆ ನೇರ ಹಾರಿದರೂ ಅಷ್ಟು ದೂರ ಆಗಲ್ಲ. ಅಂತರಿಕ್ಷ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುತ್ತೆ, ಅದು ನೆತ್ತಿಯ ಮೇಲೆ ಹಾದುಹೋಗುವಾಗ ಅಲ್ಲಿಗೆ ಅತಿ ಹತ್ತಿರದ ಮನುಷ್ಯರು ಅಂದರೆ ಗಗನಯಾತ್ರಿಗಳೇ!

ಜನವಸತಿ ಇಲ್ಲ ಅನ್ನೋ ಕಾರಣಕ್ಕೇ ಆ ಸುತ್ತಿನ ಸಮುದ್ರ ಹಳೆಯ ಗಗನನೌಕೆಗಳ ಮಸಣವಾಗಿದೆ. ಇನ್ನೂರಕ್ಕೂ ಹೆಚ್ಚು ನೌಕೆಗಳನ್ನು ಅಲ್ಲಿ ಬೀಳಿಸಿದ್ದಾರೆ. ರಷ್ಯಾದ ಮಿರ್ ನಿಲ್ದಾಣವನ್ನೂ 2001ರ ಮಾರ್ಚ್‌ನಲ್ಲಿ ದಕ್ಷಿಣ ಪೆಸಿಫಿಕ್‌ಗೇ ಇಳಿಸಿದರು.

ನಾನು ಹೇಳಬೇಕು ಅಂತ ಕಾಯ್ತಿದ್ದದ್ದು ಆ ಹೆಸರಿನ ಬಗ್ಗೆ. ನೆಮೊ ಅಂದರೆ ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ಸೃಷ್ಟಿಸಿದ ಕ್ಯಾಪ್ಟನ್, ನಾಟಿಲಸ್ ಎಂಬ ಜಲಾಂತರ್ಗಾಮಿಯ ಒಡೆಯ. 1954ರ ಡಿಸ್ನಿ ಚಿತ್ರ ‘20,000 ಲೀಗ್ಸ್ ಅಂಡರ್ ದ ಸೀ’ ನಿನಗೂ ಇಷ್ಟ. ಅದರ ನಾಟಿಲಸ್‌ಗೆ ರೂಪ ಕೊಟ್ಟವರು ಹಾರ್ಪರ್ ಗಾಫ್. ಮೊಸಳೆಯ ಕಣ್ಣು, ಶಾರ್ಕ್‌ನ ಬೆನ್ನು. ಸಿನಿಮಾದಲ್ಲಿ ನಾನು ನೋಡಿದ ವಾಹನಗಳಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಕಲಾ ನಿರ್ದೇಶನಕ್ಕೂ ಸ್ಪೆಷಲ್ ಎಫೆಕ್ಟ್ಸ್‌ಗೂ ಆಸ್ಕರ್ ಬಂತು. (ಅಂದಹಾಗೆ, ಆ 20,000 ಲೀಗ್ ಆಳದ ಲೆಕ್ಕ ಅಲ್ಲ, ನೀರಿನಡಿ ಸಾಗಿದ ದಾರಿ. ಸುಮಾರು 80,000 ಕಿ.ಮೀ., ಭೂಮಿಗೆ ಎರಡು ಸುತ್ತು. ಸಮುದ್ರದ ಅತಿ ಆಳದ ಗುಂಡಿಯೂ 11 ಕಿ.ಮೀ. ಆಸುಪಾಸು ಅಷ್ಟೆ.)

ಆದರೆ ಆ ಚಿತ್ರದಲ್ಲಿ ನೆಮೊ ಆಗಿದ್ದು ಇಂಗ್ಲಿಷ್ ನಟ ಜೇಮ್ಸ್ ಮೇಸನ್. ವರ್ನ್‌ನ ನೆಮೊ ಭಾರತೀಯ ಕಣೋ! ಆ ಚಿತ್ರಕ್ಕೆ ಮೂಲವಾದ 1870ರ ಕಾದಂಬರಿ ಅದನ್ನು ಬಾಯಿಬಿಟ್ಟು ಹೇಳಲ್ಲ, ಸುಳಿವು ಮಾತ್ರ ಕೊಡುತ್ತೆ. ಸಿಂಹಳದ ಹತ್ತಿರ ಮುತ್ತು ಹೆಕ್ಕುವ ಬಡವನೊಬ್ಬನನ್ನು ಶಾರ್ಕ್‌ನಿಂದ ಉಳಿಸಿ, ತುಳಿತಕ್ಕೊಳಗಾದ ಆ ನಾಡಿನವನೇ ತಾನೂ ಅಂತ ನೆಮೊ ಹೇಳ್ತಾನೆ. ವರ್ನ್‌ನ ಇನ್ನೊಂದು ಕಾದಂಬರಿ, 1874–75ರ ‘ನಿಗೂಢ ದ್ವೀಪ’ದಲ್ಲಿ ಗುಟ್ಟು ಬಯಲಾಗುತ್ತೆ: ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್, ನಮ್ಮ ಟಿಪ್ಪು ಸುಲ್ತಾನನ ಸೋದರಳಿಯ! 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡು ಸಮುದ್ರದ ಒಳಗೆ ಸೇರಿಕೊಂಡವನು. ಶ್ರೀರಂಗಪಟ್ಟಣದ ಹೆಸರು ಕೇಳಿ ಬೆಳೆದ ನಮಗೆ ಇದನ್ನು ಶಾಲೆಯಲ್ಲಿ ಯಾರೂ ಹೇಳಲಿಲ್ಲವಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಇನ್ನೂ ಇದೆ ಕೇಳು. ಆ ಕಾದಂಬರಿಯ ಕೊನೆಗೆ ನೆಮೊನ ಹೆಣದ ಜೊತೆ ನಾಟಿಲಸ್ ಮುಳುಗುವ ದ್ವೀಪ ಎಲ್ಲಿದೆ ಗೊತ್ತಾ? ವರ್ನ್ ಅದನ್ನು ಇಟ್ಟಿದ್ದು ಕೂಡ ದಕ್ಷಿಣ ಪೆಸಿಫಿಕ್‌ನಲ್ಲೇ. ಗಗನನೌಕೆಗಳು ಬಂದು ಬೀಳೋಕೆ ಸುಮಾರು ನೂರು ವರ್ಷ ಮುಂಚೆಯೇ ಆ ಸಮುದ್ರದಲ್ಲಿ ಕಲ್ಪನೆಯ ವಾಹನವೊಂದಕ್ಕೆ ಸಮಾಧಿ ಆಗಿತ್ತು. ಇದನ್ನು ನಕಾಶೆ ಮುಂದಿಟ್ಟುಕೊಂಡು ನೋಡಿದಾಗ ನನಗೆ ಮೈ ಜುಮ್ಮೆಂದಿತು.

ನೆಮೊನ ಪಾತ್ರ ನಮ್ಮ ನಟನಿಗೆ ಸಿಕ್ಕಿದ್ದು 2003ರಲ್ಲಿ, ‘ದ ಲೀಗ್ ಆಫ್ ಎಕ್ಸ್‌ಟ್ರಾರ್ಡಿನರಿ ಜಂಟಲ್‌ಮೆನ್’ ಚಿತ್ರದಲ್ಲಿ ನಾಸಿರುದ್ದೀನ್ ಶಾ ಪಾಲಿಗೆ. ಚಿತ್ರ ಸಾಧಾರಣ, ಅವರು ಮಾತ್ರ ಅದ್ಭುತ. ಆದರೆ ಮೊದಲು ನೀನು ನೋಡಬೇಕಾದ್ದು 1916ರ ಮೂಕಿ ಚಿತ್ರ ‘20,000 ಲೀಗ್ಸ್ ಅಂಡರ್ ದ ಸೀ’. ವಿಲಿಯಮ್ಸನ್ ಸೋದರರು ಬಹಾಮಾಸ್‌ನಲ್ಲಿ ನೀರಿನೊಳಗಿನ ದೃಶ್ಯಗಳನ್ನು ನಿಜವಾಗಿ ಚಿತ್ರಿಸಿದ್ದಾರೆ. ನೆಮೊನ ಭಾರತದ ಕತೆಯೂ ಅದರಲ್ಲಿದೆ. ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತೆ. ಈ ಭಾನುವಾರ ಮಕ್ಕಳನ್ನೂ ಕೂರಿಸಿಕೊಂಡು ನೋಡು, ನಾಟಿಲಸ್‌ನ ಕಿಟಕಿ ತೆರೆಯುವ ದೃಶ್ಯಕ್ಕೆ ಅವರು ಏನಂದರು ಅಂತ ಬರಿ.

ನಿನ್ನ ಗೆಳೆಯ